ಉಳಿದ 12 ನಿಮಿಷಕ್ಕೆ ಯಾವ ಕೃತಿ?

‘ಬಾಖ್ ಆಯ್ತು, ಹೈಡನ್ ಆಯ್ತು, ಬಾರ್ಟೋಕ್ ಕೂಡ ಕೈಗೆ ಕೂತಿದೆ. ಇನ್ನೊಂದು ರೊಮ್ಯಾಂಟಿಕ್ ಬೇಕು ಮೇಡಂ. ಶೋಪಾನ್‌ನ ಮೊದಲನೇ ಬಲಾಡ್ ಇಟ್ಟುಕೊಳ್ಳಲಾ?’

ಪಿಯಾನೊ ಪಾಠ ಮುಗಿದ ಮೇಲೆ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ರಿಸೈಟಲ್‌ಗೆ, ಅಂದರೆ ಒಬ್ಬಳೇ ಕೂತು ನುಡಿಸುವ ಕಛೇರಿಗೆ, ಕೊನೆಯ ಕೃತಿ ಆರಿಸುತ್ತ ಕೇಳಿದ ಪ್ರಶ್ನೆ ಇದು. ಅವಳು ಹೇಳಿದ್ದೆಲ್ಲ ಪಾಶ್ಚಾತ್ಯ ಸಂಯೋಜಕರ ಹೆಸರು. ರೊಮ್ಯಾಂಟಿಕ್ ಅಂದರೆ 19ನೇ ಶತಮಾನದ, ಭಾವ ತುಂಬಿದ ಸಂಗೀತ. ಬಲಾಡ್ ಅಂದರೆ ಕಥೆ ಹೇಳುವ ಧಾಟಿಯ ಕೃತಿ. ಕೇಳಿದ ಧಾಟಿ ನೋಡಿದರೆ ನಾನು ‘ಆಗಲಿ’ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಲ್ಲಿಂದ ಮುಂದೆ ಆರು ವಾರ ನಾವಿಬ್ಬರೂ ಅದೇ ಪ್ರಶ್ನೆಯ ಬೆನ್ನು ಹತ್ತಿದೆವು. ಇವತ್ತಿನ ನನ್ನ ಮಾತೆಲ್ಲ ಆ ಆರು ವಾರಗಳ ಸುತ್ತಲೇ ಇರುತ್ತದೆ. ಇಲ್ಲಿ ಕೂತಿರುವವರಲ್ಲಿ ಅನೇಕರು ಡಿಪ್ಲೊಮಾ ಪರೀಕ್ಷೆಗೋ ಮೊದಲ ರಿಸೈಟಲ್‌ಗೋ ಇಂಥದೇ ತೊಡಕಿನಲ್ಲಿರುತ್ತೀರಿ ಅಂತ ನನಗೆ ಗೊತ್ತು.

ನಾನು ಅವಳಿಗೆ ಮೊದಲು ಕೇಳಿದ್ದು ಸಮಯದ ಲೆಕ್ಕ. ಅವಳ ಕಾರ್ಯಕ್ರಮಕ್ಕೆ ಕೊಟ್ಟಿದ್ದ ಮಿತಿ 40 ನಿಮಿಷ. ಬಂದು ಕೂರುವುದು, ಚಪ್ಪಾಳೆ, ಕೃತಿಗಳ ನಡುವಿನ ಬಿಡುವು ಎಲ್ಲ ಕಳೆದರೆ ನುಡಿಸಲು ಸಿಗುವುದು 37. ಬಾಖ್‌ನ ಸಿ ಮೈನರ್ ಪ್ರೆಲ್ಯೂಡ್ (ಪೀಠಿಕೆ) ಮತ್ತು ಫ್ಯೂಗ್ (ಒಂದೇ ಎಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ), ಅಂದರೆ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಮೊದಲ ಸಂಪುಟದ್ದು, ಮೂರೂವರೆ ನಿಮಿಷ. ಹೈಡನ್‌ನ ಇ ಮೈನರ್ ಸೊನಾಟಾ ಸುಮಾರು 12. ಬಾರ್ಟೋಕ್‌ನ ಸ್ವೀಟ್ (ಹಲವು ಭಾಗಗಳ ಗುಚ್ಛ), ಓಪಸ್ ಅಂದರೆ ಕೃತಿಸಂಖ್ಯೆ 14, ಒಂಬತ್ತು. ಕೂಡಿದರೆ 25 ನಿಮಿಷದ ಹತ್ತಿರ. ಉಳಿದದ್ದು 12. ಶೋಪಾನ್‌ನ ಮೊದಲನೇ ಬಲಾಡ್ ಒಂಬತ್ತರಿಂದ ಹತ್ತು ನಿಮಿಷದ ಕೃತಿ. ಗಡಿಯಾರದ ಪ್ರಕಾರ ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಆದರೆ ಆ 12 ನಿಮಿಷದ ಜಾಗ ಖಾಲಿ ಡಬ್ಬಿಯ ಹಾಗಲ್ಲ, ಹಿಡಿಸಿದ್ದನ್ನೆಲ್ಲ ತುಂಬುವುದಕ್ಕೆ. ಅದಕ್ಕೆ ಒಂದು ಆಕಾರ ಇರುತ್ತದೆ. ಆ ಆಕಾರವನ್ನು ಕೊಟ್ಟಿರುವುದು ಅಕ್ಕಪಕ್ಕದ ಕೃತಿಗಳು. ಹಾಗಾಗಿ ನಾನು ಅವಳಿಗೆ, ‘ರೊಮ್ಯಾಂಟಿಕ್ ಕೃತಿಗಳ ಪಟ್ಟಿ ಬದಿಗಿಡು. ಮುಂದಿನ ವಾರ ಇರುವ ಮೂರನ್ನೂ ನಿಲ್ಲಿಸದೆ ನುಡಿಸು. ಈ ಅರ್ಧ ಗಂಟೆಯಲ್ಲಿ ಪಿಯಾನೊ ಏನನ್ನು ಮಾಡಲೇ ಇಲ್ಲ ಅಂತ ಬರೆದುಕೊಂಡು ಬಾ’ ಅಂದೆ.

ಅವಳು ಬರೆದುಕೊಂಡು ಬಂದದ್ದು ನನಗಿನ್ನೂ ನೆನಪಿದೆ. ಪೆನ್ಸಿಲ್‌ನಲ್ಲಿ ನಾಲ್ಕು ಸಾಲು. ‘ಬಲ ಪೆಡಲ್ ಉದ್ದಕ್ಕೆ ಒತ್ತಿ ಹಿಡಿದದ್ದೇ ಇಲ್ಲ. ಉದ್ದದ ಹಾಡು ಇಲ್ಲ. ಮೇಜರ್ ಸ್ಕೇಲ್ ಬಂದದ್ದು ಸ್ವಲ್ಪವೇ. ಎಲ್ಲ ಓಡುತ್ತಲೇ ಇದೆ.’

ಬಲ ಪೆಡಲ್ ಒತ್ತಿ ಹಿಡಿದರೆ ಸ್ವರಗಳು ಗುಂಗಾಗಿ ಉಳಿಯುತ್ತವೆ. ಮೇಜರ್ ಸ್ಕೇಲ್ ಬೆಳಕಿನ ಹಾಗೆ, ಮೈನರ್ ಮಬ್ಬಿನ ಹಾಗೆ ಕೇಳಿಸುತ್ತದೆ. ಈ ನಾಲ್ಕು ಸಾಲಿನಲ್ಲಿ ಅವಳ ಪ್ರಶ್ನೆಗೆ ಅರ್ಧ ಉತ್ತರ ಬಂದುಬಿಟ್ಟಿತ್ತು. ನೋಡಿ, ಬಾಖ್‌ನ ಆ ಪ್ರೆಲ್ಯೂಡ್ ಶುರುವಿನಿಂದ ಹದಿನಾರನೆಯ ಸ್ವರಗಳ ಎಡೆಬಿಡದ ಓಟ. ಕೊನೆಯ ಹತ್ತಿರ ಪ್ರೆಸ್ಟೊ, ಅಂದರೆ ಅತಿ ವೇಗ, ಅಂತ ಬರೆದು ಇನ್ನೂ ಬಿಗಿಯಾಗುತ್ತದೆ. ಹೈಡನ್‌ನ ಮೊದಲ ಭಾಗವೂ ಪ್ರೆಸ್ಟೊ. ನಡುವಿನ ನಿಧಾನದ ಭಾಗ, ಅಡಾಜಿಯೊ, ಜಿ ಮೇಜರ್‌ನಲ್ಲಿ ಸ್ವಲ್ಪ ಉಸಿರು ಬಿಡುತ್ತದೆ, ಆದರೆ ಅದರ ಸಾಲುಗಳು ಸಣ್ಣ ಸಣ್ಣ ಅಲಂಕಾರಗಳಲ್ಲಿ ಹರಡಿಕೊಂಡಿವೆ, ಮುಗಿಯುವ ಮೊದಲೇ ಕೊನೆಯ ಭಾಗಕ್ಕೆ ಜಾರುತ್ತದೆ. ಬಾರ್ಟೋಕ್‌ನಲ್ಲಿ ಪಿಯಾನೊ ಬಹುಪಾಲು ತಾಳವಾದ್ಯ. ಮೂರನೆಯ ಭಾಗವಂತೂ, 1913ರಲ್ಲಿ ಅವನು ಆಲ್ಜೀರಿಯಾದ ಬಿಸ್ಕ್ರಾ ಸುತ್ತಮುತ್ತ ಕೇಳಿದ ಸಂಗೀತದ ನೆನಪಿನಲ್ಲಿ ಗಿರಗಿರನೆ ತಿರುಗುತ್ತದೆ. ಇದರ ಜೊತೆಗೆ ಜಿ ಮೈನರ್ ಬಲಾಡ್ ಸೇರಿಸಿದರೆ ಮತ್ತೊಂದು ಮೈನರ್, ಮತ್ತೊಂದು ಬಿರುಗಾಳಿ. ಆ ಬಲಾಡ್‌ನಲ್ಲಿ ಹಾಡು ಇದೆ, ಅದ್ಭುತವಾದ ಇ ಫ್ಲಾಟ್ ಮೇಜರ್ ಹಾಡು ಇದೆ. ಆದರೆ ಕೇಳುಗರು ಮನೆಗೆ ಒಯ್ಯುವುದು ಅದರ ಕೊನೆಯ ಎರಡು ನಿಮಿಷವನ್ನು. ಬಾಖ್, ಹೈಡನ್, ಬಾರ್ಟೋಕ್ ಮೂವರೂ ಆ ಎರಡು ನಿಮಿಷಕ್ಕೆ ಜಗಲಿಯಾಗಿ ಉಳಿಯುತ್ತಾರೆ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ನಾನು ಅವಳ ವಯಸ್ಸಿನಲ್ಲಿದ್ದಾಗ ಇದೇ ಬಲಾಡ್‌ನಿಂದ ರಿಸೈಟಲ್ ಮುಗಿಸಿದ್ದೆ. ಮೊದಲರ್ಧದಲ್ಲಿ ಬೀಥೋವನ್‌ನ ‘ಅಪ್ಪಾಸಿಯೊನಾಟಾ’ ಇತ್ತು. ಎರಡೂ ಪ್ರೆಸ್ಟೊ ಕೋಡಾದಲ್ಲಿ, ಅಂದರೆ ಮುಗಿಸುವ ತುಣುಕಿನಲ್ಲಿ, ಸ್ಫೋಟಿಸುವ ಕೃತಿಗಳು. ಮನೆಯಲ್ಲಿ ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಅಭ್ಯಾಸ ಮಾಡುತ್ತಿದ್ದೆ, ಎರಡೂ ಚೆನ್ನಾಗಿಯೇ ಬರುತ್ತಿದ್ದವು. ಬಲಾಡ್ ಒಟ್ಟು 264 ಬಾರ್‌ಗಳದ್ದು (ಬಾರ್ ಅಂದರೆ ತಾಳದ ಒಂದು ಸುತ್ತು), 208ನೇ ಬಾರ್‌ನಲ್ಲಿ ‘ಪ್ರೆಸ್ಟೊ ಕೊನ್ ಫುಒಕೊ’, ಬೆಂಕಿಯಂಥ ವೇಗ, ಶುರುವಾಗುತ್ತದೆ. ಅವತ್ತು ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಬಲಗೈ ಮೊಳಕೈಯಿಂದ ಕೆಳಗೆ ಕಟ್ಟಿಗೆಯಾಗಿತ್ತು. ಬೆರಳು ಗೊತ್ತಿರುವ ದಾರಿಯಲ್ಲೇ ಹೋಗುತ್ತಿದ್ದವು, ಆದರೆ ಕೀ ಕೆಳಗೆ ಹೋಗುತ್ತಿರಲಿಲ್ಲ. ಸ್ವರಗಳು ಅರ್ಧಕ್ಕರ್ಧ ಮೂಕವಾದವು. ಆ ಕೃತಿ ನನ್ನ ಅಳವಿಗೆ ಮೀರಿದ್ದು ಅಂತ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ ಅಂತ ತಿಳಿದದ್ದು ವರ್ಷಗಳಾದ ಮೇಲೆ. ಅದನ್ನು ಇಟ್ಟ ಜಾಗ ತಪ್ಪಾಗಿತ್ತು. ಆಯಾಸ ಕೃತಿಯಿಂದ ಕೃತಿಗೆ ಬಡ್ಡಿಯ ಹಾಗೆ ಬೆಳೆಯುತ್ತದೆ. ಆದ್ದರಿಂದ ಹೊಸ ಕೃತಿಯ ಕಷ್ಟವನ್ನು ಅಳೆಯುವಾಗ ಅದೊಂದನ್ನೇ ನುಡಿಸಿ ಅಳೆಯಬೇಡಿ. ಹಿಂದಿನ ಕೃತಿ ಮುಗಿಸಿದ ಕೈಯಲ್ಲೇ ಅದರ ಅತಿ ಕಷ್ಟದ ಪುಟವನ್ನು ನುಡಿಸಿ ನೋಡಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ‘ರಿಸೈಟಲ್’ ಎಂಬ ಪದವನ್ನು ಪಿಯಾನೊ ಕಛೇರಿಗೆ ಬಳಸಿದ್ದು 1840ರ ಜೂನ್‌ನಲ್ಲಿ, ಲಂಡನ್‌ನಲ್ಲಿ, ಪಿಯಾನೊವಾದಕ, ಸಂಯೋಜಕ ಲಿಸ್ಟ್‌ನ ಕಾರ್ಯಕ್ರಮದ ಜಾಹೀರಾತಿನಲ್ಲಿ. ಒಬ್ಬನೇ ಕೂತು ಇಡೀ ಸಂಜೆ ನುಡಿಸುವುದು ಆಗ ಹೊಸ ವಿಚಾರ. ಅದಕ್ಕಿಂತ ಮುಂಚೆ ಹಾಡುಗಾರರು, ಪಿಟೀಲಿನವರು, ವಾದ್ಯವೃಂದ ಎಲ್ಲರೂ ಸೇರಿ ನಡೆಸುವ ಸಂಜೆಗಳೇ ಹೆಚ್ಚು. ಬಾಖ್, ಬೀಥೋವನ್‌ನಿಂದ ಶುರುಮಾಡಿ ತನ್ನ ಕಾಲದ ಸಣ್ಣ ಕೃತಿಗಳ ಕಡೆಗೆ ಬರುವ ಕ್ರಮ ಆ ಕಾಲದ ಪಿಯಾನೊವಾದಕಿ ಕ್ಲಾರಾ ಶೂಮನ್‌ಳ ಕಾರ್ಯಕ್ರಮಗಳಲ್ಲಿ ಗಟ್ಟಿಯಾಯಿತು. ಇವತ್ತು ಪರೀಕ್ಷೆಯವರು ನಮ್ಮಿಂದ ಕೇಳುವ ‘ಒಂದು ಬರೋಕ್, ಒಂದು ಕ್ಲಾಸಿಕಲ್, ಒಂದು ರೊಮ್ಯಾಂಟಿಕ್, ಒಂದು ಆಧುನಿಕ’ ಎಂಬ ಸಾಲಿನಲ್ಲಿ ಅವಳ ನೆರಳಿದೆ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯ. ಆ ಕಾಲದ ಪಿಯಾನೊವಾದಕರು ಎರಡು ಕೃತಿಗಳ ನಡುವೆ ಸುಮ್ಮನೆ ಕೂರುತ್ತಿರಲಿಲ್ಲ. ಒಂದು ಮುಗಿದ ಮೇಲೆ ಕೈಗೆ ಬಂದಂತೆ ಕೆಲವು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಂಪುಗಳನ್ನು) ನುಡಿಸುತ್ತ, ಹಿಂದಿನ ಸ್ಕೇಲ್‌ನಿಂದ ಮುಂದಿನ ಸ್ಕೇಲ್‌ಗೆ ನಿಧಾನವಾಗಿ ದಾಟಿ, ಕೇಳುಗರ ಕಿವಿಯನ್ನು ಹದ ಮಾಡಿ, ಆಮೇಲೆ ಮುಂದಿನ ಕೃತಿ ತೆಗೆದುಕೊಳ್ಳುತ್ತಿದ್ದರು. ಕ್ಲಾರಾ ಕೂಡ ಹೀಗೆ ಮಾಡುತ್ತಿದ್ದಳು. ಆ ಪದ್ಧತಿ ಈಗ ಹೋಗಿದೆ. ಅದು ಮಾಡುತ್ತಿದ್ದ ಕೆಲಸ ಮಾತ್ರ ಹೋಗಿಲ್ಲ. ಸೇತುವೆ ಕಟ್ಟುವ ಹೊಣೆ ಈಗ ಕೃತಿಗಳ ಆಯ್ಕೆಯ ಮೇಲೆಯೇ ಬಿದ್ದಿದೆ. ಒಂದರ ಕೊನೆಯ ಕಾರ್ಡ್ ಗಾಳಿಯಲ್ಲಿ ಇನ್ನೂ ಇರುವಾಗಲೇ ಇನ್ನೊಂದರ ಮೊದಲ ಸ್ವರ ಬಂದು ಬೀಳುತ್ತದೆ. ಎರಡಕ್ಕೂ ಹೊಂದಿದರೆ ಸಭಾಂಗಣದಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ, ಎಲ್ಲರೂ ಅನುಭವಿಸುತ್ತಾರೆ.

ಇದನ್ನು ಮನೆಯಲ್ಲೇ ಪರೀಕ್ಷಿಸುವ ಒಂದು ವಿಧಾನ ನಮ್ಮ ಪಾಠದ ಕೋಣೆಯಲ್ಲಿ ಬೆಳೆದು ಬಂದಿದೆ. ನಾವು ಅದನ್ನು ಅಂಚು ನೋಡುವುದು ಅನ್ನುತ್ತೇವೆ. ಹಿಂದಿನ ಕೃತಿಯ ಕೊನೆಯ ಎಂಟು ಬಾರ್ ನುಡಿಸಿ. ಕೈ ತೊಡೆಯ ಮೇಲೆ ಇಳಿಸಿ. ವೇದಿಕೆಯ ಮೇಲೆ ಎಷ್ಟು ಹೊತ್ತು ಕೂರುತ್ತೀರೋ ಅಷ್ಟೇ ಹೊತ್ತು ಕೂತಿರಿ. ಆಮೇಲೆ ಮುಂದಿನ ಕೃತಿಯ ಮೊದಲ ಎಂಟು ಬಾರ್ ನುಡಿಸಿ. ಹೀಗೆ ಐದಾರು ಅಭ್ಯರ್ಥಿ ಕೃತಿಗಳನ್ನು ಒಂದಾದ ಮೇಲೊಂದು ಇಟ್ಟು ನೋಡಿದರೆ, ಗಂಟೆಗಟ್ಟಲೆ ಚರ್ಚೆ ಮಾಡಿ ತಿಳಿಯದ್ದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಇದಕ್ಕೆ ಕೃತಿ ಕಲಿತಿರಬೇಕಾಗಿಲ್ಲ, ಮೊದಲ ಪುಟ ಓದಲು ಬಂದರೆ ಸಾಕು.

ನಮ್ಮ ಅಭ್ಯರ್ಥಿಗಳು ಯಾರು ಯಾರು ಅಂತ ಹೇಳುತ್ತೇನೆ. ಬಲಾಡ್ ಇದ್ದೇ ಇತ್ತು. ಮೆಂಡೆಲ್ಸನ್‌ನ ‘ವೇರಿಯಾಸಿಯೊಂ ಸೆರಿಯೂಸ್’ ನಾನು ಸೂಚಿಸಿದ್ದೆ. 1841ರ ಕೃತಿ, ಒಂದು ಥೀಮ್, 17 ರೂಪಾಂತರಗಳು, 11–12 ನಿಮಿಷ, ಗಡಿಯಾರಕ್ಕೆ ಹೇಳಿ ಮಾಡಿಸಿದ ಹಾಗೆ. ಬಾನ್ ನಗರದಲ್ಲಿ ಬೀಥೋವನ್‌ನ ಸ್ಮಾರಕಕ್ಕೆ ಹಣ ಕೂಡಿಸಲು ಪ್ರಕಟವಾದ ಒಂದು ಸಂಕಲನಕ್ಕಾಗಿ ಬರೆದದ್ದು. ಆಗ ಪಿಯಾನೊ ವೇರಿಯೇಶನ್ ಅಂದರೆ ಹೊಳಪು, ಥಳುಕು, ಬೆರಳಿನ ಸರ್ಕಸ್. ಇವನು ಹೆಸರಿನಲ್ಲೇ ‘ಗಂಭೀರ’ ಅಂತ ಸೇರಿಸಿದ. ನಡುವೆ ಒಂದು ಫ್ಯೂಗ್ ಶೈಲಿಯ ರೂಪಾಂತರ ಬರುತ್ತದೆ. ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಅನ್ನು 1829ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಜನರ ಕಿವಿಗೆ ತಂದ ಮನುಷ್ಯನ ಕೈಬರಹ ಅದು, ನೋಡಿದರೆ ಗೊತ್ತಾಗುತ್ತದೆ. ಬಾಖ್‌ನಿಂದ ಶುರುವಾಗುವ ಕಾರ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ನಂಟು ಸಿಗುವುದು ಕಷ್ಟ. ಆದರೂ ನಾವು ಬಿಟ್ಟೆವು. ಅದು ಡಿ ಮೈನರ್. ಅವಳ ಪೆನ್ಸಿಲ್ ಸಾಲುಗಳ ಮುಂದೆ ಇಟ್ಟರೆ ನಾಲ್ಕರಲ್ಲಿ ಒಂದಕ್ಕೂ ಪೂರ್ತಿ ಉತ್ತರ ಕೊಡುವುದಿಲ್ಲ. ಸಂಜೆಯ ಮೊದಲರ್ಧದಲ್ಲಿ ಮೇಜರ್‌ನ ಒಂದು ಮೊಜಾರ್ಟ್ ಸೊನಾಟಾ ಇದ್ದಿದ್ದರೆ ನಾನೇ ಹಟ ಹಿಡಿದು ಅದನ್ನು ಸೇರಿಸುತ್ತಿದ್ದೆ.

ಶೋಪಾನ್‌ನ ಡಿ ಫ್ಲಾಟ್ ಮೇಜರ್ ನಾಕ್ಟರ್ನ್, ಓಪಸ್ 27ರ ಎರಡನೆಯದು, ಒಂದು ವಾರ ಪಟ್ಟಿಯಲ್ಲಿತ್ತು. ಉದ್ದದ ಹಾಡು ಬೇಕು ಅಂದರೆ ಅದಕ್ಕೆ ಮಿಗಿಲುಂಟೆ? ಎಡಗೈ ಒಂದು ಇಡೀ ಬಾರ್ ಒಂಟಿಯಾಗಿ ಅಲೆಯೇಳುತ್ತದೆ. ಆಮೇಲೆ ಬಲಗೈಯ ಎಫ್ ಸ್ವರ, ಎಲ್ಲಿಂದ ಬಂತು ಅಂತ ತಿಳಿಯದ ಹಾಗೆ, ಆ ಅಲೆಯ ಮೇಲೆ ಬಂದು ಕೂರುತ್ತದೆ. ಸುಮಾರು ಆರು ನಿಮಿಷ. ಉಳಿದ ಆರಕ್ಕೆ ಇನ್ನೊಂದು ಬೇಕಾಗುತ್ತದೆ, ಆ ನಾಕ್ಟರ್ನ್ ಆದ ಮೇಲೆ ಬೇರೇನೂ ನುಡಿಸಲು ಮನಸ್ಸಾಗುವುದಿಲ್ಲ. ಅದಕ್ಕೆ ಅದನ್ನು ಬಿಟ್ಟೆವು. ಕ್ಲಾರಾಳ ಗಂಡ ರಾಬರ್ಟ್ ಶೂಮನ್‌ನ ಅರಬೆಸ್ಕ್ ಕೂಡ ನೋಡಿದೆವು. 1839ರದ್ದು, ಸಿ ಮೇಜರ್, ಆರೇಳು ನಿಮಿಷ. ಅದರ ಕೊನೆಯಲ್ಲಿ ಶೂಮನ್ ‘ಮುಗಿಸಲು’ ಅಂತ ಬರೆದು, ಅಲ್ಲಿಯವರೆಗಿನ ಎಲ್ಲವನ್ನೂ ಬಿಟ್ಟು, ಯಾರೋ ಕಿಟಕಿಯ ಹತ್ತಿರ ನಿಂತು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡಂತೆ ಒಂದು ಪುಟ್ಟ ಭಾಗ ಸೇರಿಸಿದ್ದಾನೆ. ತುಂಬ ಸುಂದರವಾದ ಜಾಗ. ಆದರೆ ಉಳಿದ ಭಾಗದಲ್ಲಿ ಅದೂ ಸಣ್ಣ ಸ್ವರಗಳ ಓಟವೇ.

ಶೂಬರ್ಟ್‌ನ ಜಿ ಫ್ಲಾಟ್ ಮೇಜರ್ ಇಂಪ್ರೊಂಪ್ಟುವಿನ ಮುಂದೆ ನಾವು ಬಹಳ ದಿನ ನಿಂತೆವು. ಅವನು ಸಾಯುವ ಹಿಂದಿನ ವರ್ಷ, 1827ರಲ್ಲಿ ಬರೆದ ನಾಲ್ಕರಲ್ಲಿ ಮೂರನೆಯದು. ಅವನು ಬದುಕಿರುವಾಗ ಮೊದಲೆರಡು ಮಾತ್ರ ಅಚ್ಚಾದವು. ಇದು ಬೆಳಕು ಕಂಡದ್ದು 1857ರಲ್ಲಿ. ಅದೂ ಪ್ರಕಾಶಕರು ಆರು ಫ್ಲಾಟ್‌ಗಳಿಗೆ ಹೆದರಿ ಜಿ ಮೇಜರ್‌ಗೆ ಬದಲಿಸಿ ಅಚ್ಚು ಹಾಕಿದರು. ಇದರ ಕಷ್ಟ ಎಲ್ಲಿದೆ ಅಂತ ಹೇಳುತ್ತೇನೆ. ಮೇಲಿನ ಹಾಡು ಪೂರ್ತಿ ಬಲಗೈಯ ಕಿರುಬೆರಳು, ಉಂಗುರಬೆರಳುಗಳ ಮೇಲೆ. ಅದೇ ಕೈಯ ಉಳಿದ ಬೆರಳುಗಳು ಮಧ್ಯದಲ್ಲಿ ನೀರಿನ ಹಾಗೆ ಹರಿಯುವ ಸ್ವರಗಳನ್ನು ಮೆಲ್ಲಗೆ ನುಡಿಸುತ್ತಿರಬೇಕು. ಕೈಯ ಬಲಹೀನ ಬೆರಳು ಹಾಡಬೇಕು, ಬಲವಾದ ಬೆರಳು ಪಿಸುಗುಡಬೇಕು. ಒಳ್ಳೆಯ ಗ್ರ್ಯಾಂಡ್ ಪಿಯಾನೊ, ಸ್ವಲ್ಪ ಪ್ರತಿಧ್ವನಿ ಇರುವ ಸಭಾಂಗಣ ಸಿಕ್ಕರೆ ಅದು ಸಾಧ್ಯ. ಅವಳು ನುಡಿಸಬೇಕಾಗಿದ್ದ ಜಾಗದ ಪಿಯಾನೊವನ್ನು ನಾವು ಆ ವಾರವೇ ಹೋಗಿ ನೋಡಿ ಬಂದಿದ್ದೆವು. ಮೇಲಿನ ಎರಡು ಸಪ್ತಕ ಒಣಗಿದ್ದವು. ಒತ್ತಿದ ಸ್ವರ ಎರಡು ಕ್ಷಣದಲ್ಲಿ ಸತ್ತುಹೋಗುತ್ತಿತ್ತು. ಆದರೆ ನಡುವಿನ ಸಪ್ತಕಗಳು ದುಂಡಗೆ, ಬೆಚ್ಚಗೆ ಇದ್ದವು. ಶೂಬರ್ಟ್ ಅಲ್ಲೇ ಕೈಬಿಟ್ಟು ಹೋಯಿತು. ಕೃತಿ ಆರಿಸುವವರು ವಾದ್ಯವನ್ನು ಮುಟ್ಟಿ ನೋಡದೆ ಆರಿಸಬಾರದು ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ. ಅಪ್‌ರೈಟ್ ಪಿಯಾನೊ ಆಗಿದ್ದರಂತೂ ಇನ್ನೂ ಎಚ್ಚರ ಬೇಕು. ಪಿಯಾನೊ ತಯಾರಕ ಎರಾರ್ 1821ರಲ್ಲಿ ಗ್ರ್ಯಾಂಡ್‌ಗೆ ಅಳವಡಿಸಿದ, ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ನುಡಿಸಲು ಬಿಡುವ ಯಂತ್ರ ಸಾಮಾನ್ಯ ಅಪ್‌ರೈಟ್‌ನಲ್ಲಿ ಇರುವುದಿಲ್ಲ. ಒಂದೇ ಸ್ವರವನ್ನು ವೇಗವಾಗಿ ಪದೇ ಪದೇ ಬಡಿಯುವ ಲಿಸ್ಟ್‌ನ ಕೃತಿಗಳು ಅದರ ಮೇಲೆ ತೊದಲುತ್ತವೆ.

ನಡುವಿನ ಸಪ್ತಕದಲ್ಲಿ ಹಾಡುವ ಸಂಗೀತ ಬೇಕು. ಮೇಜರ್ ಇರಬೇಕು, ಓಡಬಾರದು, ಪೆಡಲ್ ಬೇಕು. ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಕೆಲವರು ಆಗಲೇ ಊಹಿಸಿರುತ್ತೀರಿ. ಬ್ರಾಮ್ಸ್. 1893ರಲ್ಲಿ, ಅರವತ್ತನೇ ವಯಸ್ಸಿನಲ್ಲಿ, ಬೇಸಗೆಗೆ ಆಸ್ಟ್ರಿಯಾದ ಬಾಟ್ ಇಷ್ಲ್‌ನಲ್ಲಿ ಕೂತು ಅವನು ಮುಗಿಸಿದ ಆರು ಕೃತಿಗಳ ಗುಚ್ಛ, ಓಪಸ್ 118. ಕ್ಲಾರಾ ಶೂಮನ್‌ಳಿಗೆ ಅರ್ಪಿಸಿದ್ದು. ಅದರಲ್ಲಿ ಎರಡನೆಯದು ಎ ಮೇಜರ್ ಇಂಟರ್‌ಮೆಝೊ, ಸುಮಾರು ಆರು ನಿಮಿಷ.

ಇದರ ಶುರುವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಬರುವುದು ಮೂರೇ ಸ್ವರ: ಸಿ ಶಾರ್ಪ್, ಬಿ, ಡಿ. ಒಂದು ಮೆಟ್ಟಿಲು ಇಳಿದು, ಮೇಲಕ್ಕೆ ಪುಟ್ಟದಾಗಿ ಜಿಗಿದು ನಿಲ್ಲುತ್ತದೆ. ಏನೋ ಕೇಳಲು ಬಾಯಿ ತೆರೆದು ಸುಮ್ಮನಾದ ಹಾಗೆ. ಮರುಕ್ಷಣ ಮತ್ತೆ ಸಿ ಶಾರ್ಪ್, ಬಿ, ಆದರೆ ಈ ಸಲ ಜಿಗಿತ ದೊಡ್ಡದು, ಮೇಲಿನ ಎ ವರೆಗೆ. ಹೇಳಬೇಕಾದದ್ದನ್ನು ಎರಡನೇ ಸಲ ಹೇಳಿಯೇಬಿಟ್ಟ ಹಾಗೆ. ಬ್ರಾಮ್ಸ್ ಇಲ್ಲಿ ಬರೆದಿರುವ ಮಾತು ‘ತೆನೆರಮೆಂತೆ’, ಮೃದುವಾಗಿ, ಅಕ್ಕರೆಯಿಂದ. ಹೆಚ್ಚಿನ ವಿದ್ಯಾರ್ಥಿಗಳು ಆ ದೊಡ್ಡ ಜಿಗಿತಕ್ಕೆ ಜೋರು ಕೊಡುತ್ತಾರೆ. ಕೊಡಬಾರದು. ಮೇಲಿನ ಎ ಸ್ವರವನ್ನು ತಲುಪಲು ಹಾಡುಗಾರರಿಗೆ ಒಂದು ಉಸಿರಿನ ಹೊತ್ತು ಬೇಕಲ್ಲ, ಅಷ್ಟು ಹೊತ್ತನ್ನು ಮಾತ್ರ ಕೊಟ್ಟು, ತಲುಪಿದ ಮೇಲೆ ಅದನ್ನು ಮೆಲ್ಲಗೆ ಇಡಬೇಕು. ನನ್ನ ವಿದ್ಯಾರ್ಥಿನಿ ಇದನ್ನು ಹಿಡಿದದ್ದು ಕೀಬೋರ್ಡ್ ಮುಚ್ಚಿಟ್ಟು, ಆ ಸಾಲನ್ನು ಗುನುಗಿ ಗುನುಗಿ. ಮುಂದೆ ನಡುವಿನ ಭಾಗದಲ್ಲಿ ಎಫ್ ಶಾರ್ಪ್ ಮೈನರ್ ಬರುತ್ತದೆ. ಬಲಗೈ ಎರಡು ಎಣಿಸುವಾಗ ಎಡಗೈ ಮೂರು ಎಣಿಸುತ್ತದೆ. ಆಮೇಲೆ ಅದೇ ಹಾಡು ಎಫ್ ಶಾರ್ಪ್ ಮೇಜರ್‌ನಲ್ಲಿ, ಎಲ್ಲರೂ ಒಟ್ಟಿಗೆ ಹಾಡುವ ಪ್ರಾರ್ಥನೆಯ ಹಾಗೆ, ಬರೀ ಕಾರ್ಡ್‌ಗಳಲ್ಲಿ ಹಾದುಹೋಗುತ್ತದೆ. ಆ ಕೆಲವೇ ಬಾರ್‌ಗಳಿಗೋಸ್ಕರ ಇಡೀ ಸಂಜೆ ಕಾಯಬಹುದು ಅಂತ ನಾನು ನಂಬಿದ್ದೇನೆ.

ಅಂಚು ನೋಡಿದೆವು. ಹೈಡನ್ ಇ ಮೈನರ್‌ನಲ್ಲಿ ಮುಗಿಯುತ್ತದೆ. ಕೈ ಇಳಿಸಿ, ಎಣಿಸಿ, ಬ್ರಾಮ್ಸ್ ಶುರು. ಕಿವಿಯಲ್ಲಿ ಇನ್ನೂ ಉಳಿದಿದ್ದ ಇ ಸ್ವರ ಎ ಮೇಜರ್‌ನ ಒಳಗೇ ಇರುವಂಥದ್ದು. ಎಲ್ಲೂ ತಡವರಿಸದೆ ಬಾಗಿಲು ತೆರೆಯಿತು. ಅವಳು ಕೈ ನಿಲ್ಲಿಸಿ, ‘ಇದು ಇಲ್ಲೇ ಇತ್ತು ಅನಿಸ್ತಿದೆ ಮೇಡಂ’ ಅಂದಳು. ಬಾಖ್‌ನ ಫ್ಯೂಗ್ ಕೂಡ ಕೊನೆಗೆ ಸಿ ಮೇಜರ್‌ಗೆ ತಿರುಗಿ, ಇ ನ್ಯಾಚುರಲ್ ಸ್ವರವನ್ನು ಕೈಗಿತ್ತು ಮುಗಿಯುತ್ತದೆ, ಆ ಇ ಸ್ವರವೇ ಹೈಡನ್‌ನ ಮನೆ. ಮೂರು ಕೃತಿಗಳನ್ನು ಒಂದೇ ಸ್ವರ ದಾರದ ಹಾಗೆ ಹೊಲಿದಿತ್ತು. ಇದನ್ನು ನಾವು ಯೋಜಿಸಿರಲಿಲ್ಲ. ಕಿವಿಗೊಟ್ಟು ಹುಡುಕುತ್ತಿದ್ದರೆ ಇಂಥವು ಸಿಗುತ್ತವೆ.

ಆದರೆ ಆರು ನಿಮಿಷ ಇನ್ನೂ ಖಾಲಿ. ಇಲ್ಲಿ ಅವಳ ಬಲಾಡ್ ಆಸೆಗೆ ನ್ಯಾಯ ಸಲ್ಲಿಸಬೇಕಿತ್ತು. ವಿದ್ಯಾರ್ಥಿ ಒಂದು ಕೃತಿಯ ಹೆಸರು ಹೇಳಿ ಕೇಳಿದಾಗ ಆ ಕೃತಿಯ ಹಿಂದೆ ಒಂದು ಹಸಿವು ಇರುತ್ತದೆ. ಕೃತಿಯನ್ನು ಬೇಡ ಅನ್ನಬಹುದು, ಹಸಿವನ್ನು ಬೇಡ ಅನ್ನಬಾರದು. ಅವಳಿಗೆ ಬೇಕಿದ್ದದ್ದು ಕಥೆ ಹೇಳುವ ರಭಸ, ಎರಡೂ ಕೈಯಲ್ಲಿ ತುಂಬಿ ಬರುವ ಶಬ್ದ. ಓಪಸ್ 118ರ ಪುಟ ತಿರುಗಿಸಿದರೆ ಮೂರನೆಯದೇ ಒಂದು ಬಲಾಡ್, ಅದೂ ಜಿ ಮೈನರ್‌ನಲ್ಲೇ! ಮೂರೂವರೆ ನಿಮಿಷ. ‘ಅಲ್ಲೆಗ್ರೊ ಎನರ್ಜಿಕೊ’, ಚುರುಕಾಗಿ, ಕಸುವಿನಿಂದ. ಗಟ್ಟಿ ಕಾರ್ಡ್‌ಗಳು ಹೆಜ್ಜೆ ಹಾಕಿಕೊಂಡು ಬರುತ್ತವೆ, ನಡುವೆ ಬಿ ಮೇಜರ್‌ನಲ್ಲಿ ಒಂದು ದೂರದ ಹಾಡು, ಮತ್ತೆ ಆ ಹೆಜ್ಜೆ. ಕಷ್ಟ ಇದೆ, ಆದರೆ ಕೈ ಸೋತು ಕಟ್ಟಿಗೆಯಾಗುವಷ್ಟು ಉದ್ದ ಇಲ್ಲ. ಎರಡೂ ಸೇರಿ ಒಂಬತ್ತೂವರೆ, ಹತ್ತು ನಿಮಿಷ. ಮಿತಿಗಿಂತ ಎರಡು ನಿಮಿಷ ಕಡಿಮೆ. ಅದನ್ನು ನಾನು ತುಂಬಿಸಲು ಬಿಡಲಿಲ್ಲ. ವೇದಿಕೆಯ ಮೇಲೆ ನಿಧಾನದ ಕೃತಿಗಳು ಮನೆಗಿಂತ ನಿಧಾನವಾಗುತ್ತವೆ. ಪರೀಕ್ಷೆಗಳಲ್ಲಿ ಸಮಯ ಮೀರಿದರೆ ನಡುವೆಯೇ ನಿಲ್ಲಿಸಬಹುದು. ಬ್ರಾಮ್ಸ್‌ಗೆ ಅವಸರ ಮಾಡುವ ಪರಿಸ್ಥಿತಿ ಬರಬಾರದು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ, ಪ್ರಶ್ನೋತ್ತರದಲ್ಲಿ ಹೇಗೂ ಬರುತ್ತದೆ. ‘ಬ್ರಾಮ್ಸ್‌ಗೆ ದೊಡ್ಡ ಕೈ ಬೇಕಲ್ಲವೆ?’ ಕೆಲವಕ್ಕೆ ಬೇಕು. ಈ ಬಲಾಡ್‌ನಲ್ಲೂ ಸಣ್ಣ ಕೈಯವರು ಒಂದೆರಡು ಕಡೆ ಕಾರ್ಡ್ ಮುರಿದು ನುಡಿಸಬೇಕಾಗುತ್ತದೆ. ಒಂಬತ್ತು ಸ್ವರದ ಅಂತರವನ್ನು ಎಟುಕಿಸಲು ಪ್ರತಿ ಸಲ ಕೈ ಹಿಗ್ಗಿಸಿದರೆ ನೋವು ಖಂಡಿತ, ಅದು ಬೇಡವೇ ಬೇಡ. ಅಂಥವರು ಕ್ಲಾರಾ ಶೂಮನ್‌ಳ ಓಪಸ್ 6ರಲ್ಲಿರುವ ನಾಕ್ಟರ್ನ್, ಮೆಂಡೆಲ್ಸನ್‌ನ ಪದವಿಲ್ಲದ ಹಾಡುಗಳು, ಗ್ರೀಗ್‌ನ 66 ಲಿರಿಕ್ ಪೀಸ್‌ಗಳು, ಫ್ಯಾನಿ ಹೆನ್ಸೆಲ್ 1841ರಲ್ಲಿ ವರ್ಷದ ಪ್ರತಿ ತಿಂಗಳ ಹೆಸರಿಗೆ ಒಂದೊಂದು ಕೃತಿ ಬರೆದ ‘ದಾಸ್ ಯಾರ್’ (ವರ್ಷ) ಗುಚ್ಛ, ಇವುಗಳನ್ನು ತೆರೆದು ನೋಡಲಿ. ಇವನ್ನು ಸುಲಭದ ಕೃತಿಗಳೆಂದು ಬದಿಗೆ ತಳ್ಳುವುದು ನನಗೆ ನೋವು ಕೊಡುತ್ತದೆ. ಎರಡು ಮೂರು ಸೇರಿಸಿ, ಸ್ಕೇಲ್ ನೋಡಿ ಹೊಂದಿಸಿದರೆ, ಒಂದು ದೊಡ್ಡ ಬಲಾಡ್ ಮಾಡಲಾಗದ್ದನ್ನು ಅವು ಮಾಡುತ್ತವೆ.

ಉಳಿದಿದ್ದು ಕ್ರಮದ ಪ್ರಶ್ನೆ. ರೊಮ್ಯಾಂಟಿಕ್ ಕೃತಿಯಿಂದಲೇ ಮುಗಿಸಬೇಕು ಎಂಬ ರೂಢಿ ಬಲವಾಗಿದೆ. ಚಪ್ಪಾಳೆ ಜೋರಾಗಿ ಬರುತ್ತದೆ ಎಂಬುದು ಅದರ ಕಾರಣ, ಬೇರೆ ಕಾರಣ ನನಗೆ ಕಂಡಿಲ್ಲ. ಬಾರ್ಟೋಕ್‌ನ ಸ್ವೀಟ್‌ಗೆ ಇದು ಇನ್ನೂ ತೊಡಕು, ಯಾಕೆಂದರೆ ಅದು ಮುಗಿಯುವುದೇ ಮೆಲ್ಲಗೆ. ಓಡಿ ಓಡಿ, ಕೊನೆಯ ಭಾಗದಲ್ಲಿ ‘ಸೊಸ್ತೆನುತೊ’, ಅಂದರೆ ಎಳೆದು ನಿಧಾನವಾಗಿ, ಅಂತ ಬರೆದು, ಕತ್ತಲಲ್ಲಿ ತಡಕಾಡಿದ ಹಾಗೆ ನಿಂತುಬಿಡುತ್ತದೆ. 1916ರಲ್ಲಿ ಬಾರ್ಟೋಕ್ ಇದನ್ನು ಬರೆದಾಗ ಐದು ಭಾಗಗಳಿದ್ದವು. ಮೊದಲನೆಯದಾದ ಮೇಲೆ ಒಂದು ಆಂಡಾಂಟೆ, ನಿಧಾನ ನಡಿಗೆಯ ಭಾಗ, ಇತ್ತು. ಅವನೇ ಅದನ್ನು ತೆಗೆದುಹಾಕಿದ. ಅದನ್ನು ತೆಗೆದದ್ದರಿಂದ ಮೂರು ಭಾಗಗಳು ಬಿಡುವಿಲ್ಲದೆ ವೇಗ ಏರಿಸುತ್ತ ಹೋಗಿ, ಆ ಕೊನೆಯ ನಿಧಾನ ಪ್ರಪಾತದ ಅಂಚಿನಂತೆ ತೋರುತ್ತದೆ. ತನ್ನ ಕೃತಿಯ ಭಾಗಗಳ ಜೋಡಣೆಯನ್ನು ಇಷ್ಟು ಯೋಚಿಸಿದವನ ಸ್ವೀಟ್ ಅನ್ನು ನಡುವೆ ಇಟ್ಟು, ಅದರ ಮೌನದ ಮೇಲೆ ಬೇರೆಯವರ ಕಾರ್ಡ್‌ಗಳನ್ನು ಸುರಿಯಲು ನಮಗೆ ಮನಸ್ಸಾಗಲಿಲ್ಲ.

ಹಾಗಾದರೆ ಬಾಖ್, ಹೈಡನ್, ಬ್ರಾಮ್ಸ್, ಬಾರ್ಟೋಕ್. ಇನ್ನೊಂದು ಅಂಚು ಬಾಕಿ ಇತ್ತು. ಬ್ರಾಮ್ಸ್‌ನ ಬಲಾಡ್ ಶುರುವಿನ ಅಬ್ಬರಕ್ಕೆ ತಕ್ಕ ಹಾಗೆ ಮುಗಿಯುವುದಿಲ್ಲ. ನಡುವೆ ಬಂದಿದ್ದ ದೂರದ ಹಾಡು ಕೊನೆಯಲ್ಲಿ ಒಮ್ಮೆ ಇಣುಕಿ ಹೋಗುತ್ತದೆ, ಜಿ ಮೈನರ್ ಮೆಲ್ಲಗೆ ಆರುತ್ತದೆ. ಬಾರ್ಟೋಕ್‌ನ ಮೊದಲ ಭಾಗ ನಿಂತಿರುವುದು ಬಿ ಫ್ಲಾಟ್ ಮೇಲೆ. ಜಿ ಮೈನರ್‌ಗೂ ಬಿ ಫ್ಲಾಟ್ ಮೇಜರ್‌ಗೂ ಇರುವ ಸಂಬಂಧ ಒಂದೇ ಮನೆಯ ಎರಡು ಕೋಣೆಗಳದ್ದು, ಸ್ವರಗಳೆಲ್ಲ ಅವೇ. ಅವಳು ನುಡಿಸಿ ನೋಡಿದಳು. ಮೊದಲ ಸಲ ಬಿಡುವು ಉದ್ದವಾಯಿತು, ಬಾರ್ಟೋಕ್ ಬೇರೆ ಊರಿನಿಂದ ಬಂದ ಹಾಗೆ ಕೇಳಿಸಿತು. ಎರಡನೆಯ ಸಲ ತೀರ ಗಿಡ್ಡವಾಯಿತು, ಬ್ರಾಮ್ಸ್‌ನ ಕೊನೆಯ ಸ್ವರಕ್ಕೆ ಉಸಿರೇ ಇರಲಿಲ್ಲ. ಮೂರನೆಯ ಸಲ ಅವಳು ಕೈಯನ್ನು ತೊಡೆಗೆ ಇಳಿಸಲೇ ಇಲ್ಲ. ಬಲ ಪೆಡಲ್ ನಿಧಾನಕ್ಕೆ ಬಿಡುತ್ತ, ಕೈಗಳನ್ನು ಕೀಗಳ ಮೇಲೆಯೇ ತೇಲಿಸಿಕೊಂಡು, ತಂತಿಗಳ ಗುಂಗು ಪೂರ್ತಿ ಅಡಗುವವರೆಗೆ ಕೇಳಿಸಿಕೊಂಡಳು. ಅಡಗಿದ ಕ್ಷಣಕ್ಕೆ ಬಾರ್ಟೋಕ್‌ನ ಕುಣಿತದ ಹೆಜ್ಜೆ ಶುರುವಾಯಿತು.

ರಿಸೈಟಲ್ ದಿನವೂ ಅವಳು ಹಾಗೆಯೇ ಮಾಡಿದಳು. ಬ್ರಾಮ್ಸ್ ಆದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಅವಳ ಕೈ ಇನ್ನೂ ಮೇಲೆಯೇ ಇತ್ತಲ್ಲ. ಕೊನೆಯ ಸೊಸ್ತೆನುತೊ ಮುಗಿದು ಅವಳು ಕೈ ಇಳಿಸಿದಾಗಲೂ ಕೆಲವು ಕ್ಷಣ ಯಾರೂ ಅಲುಗಾಡಲಿಲ್ಲ.